ಫೈಲ್ ಕಾಪಿ ಆಗುವಾಗ ಮಾತ್ರ ಮೌಸ್ ಜಿಗಿಯುತ್ತಿದೆಯೇ?

ವಾಯರ್‌ಲೆಸ್ ಮೌಸ್ ತಂದು ಕೌಂಟರ್ ಮೇಲಿಟ್ಟು, "ಇದು ಸತ್ತೈತ್ರಿ, ಬ್ಯಾರೇದ್ ಕೊಡ್ರಿ" ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಅದು ಜಿಗಿಯೂ ಮುಂದ ಕಂಪ್ಯೂಟರ್ ಏನ್ ಮಾಡಾಕತ್ತಿತ್ತು?" ಬಹಳ ಮಂದಿ ಸುಮ್ಮನೆ ಮುಖ ನೋಡುತ್ತಾರೆ. ಕೆಲವರಿಗೆ ತಟ್ಟನೆ ಹೊಳೆಯುತ್ತದೆ: "ಹೌದಲ್ರಿ, ಹಾರ್ಡ್ ಡಿಸ್ಕಿಗೆ ವಿಡಿಯೋ ಹಾಕಾಕತ್ತಿದ್ದೆ." ಅಲ್ಲಿಗೆ ಅರ್ಧ ರಿಪೇರಿ ಮುಗಿಯಿತು.

ನನ್ನ ಅಂಗಡಿ ಇರುವುದು ಮಗ್ಗದ ಊರಾದ ಬನಹಟ್ಟಿಯಲ್ಲಿ. ರಬಕವಿ, ತೇರದಾಳ, ಮಹಾಲಿಂಗಪುರದ ಕಡೆಯಿಂದಲೂ ಗಿರಾಕಿ ಬರುತ್ತಾರೆ. ಮದುವೆ ವಿಡಿಯೋ, ಆಲ್ಬಮ್ ಮಾಡುವ ಸ್ಟುಡಿಯೋದವರು, ಸೀರೆಯ ಅಂಚು ಸೆರಗಿನ ಡಿಸೈನನ್ನು ಕಂಪ್ಯೂಟರಿನಲ್ಲಿ ತೆಗೆಯುವವರು, ಬಿಲ್ ಹಾಕುವ ಸೀರೆ ವ್ಯಾಪಾರಿಗಳು – ಮೂವರದೂ ಮೌಸ್ ಮೇಲೇ ಬದುಕು. ಇವರು ಎಸೆಯಲು ಹೊರಟ ಮೌಸ್‌ಗಳನ್ನು ನಾನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಹೆಚ್ಚಿನವು ಚೆನ್ನಾಗಿಯೇ ಓಡುತ್ತವೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಏನೇನು ನೋಡಬೇಕು ಅನ್ನುವುದನ್ನು ನಾನು ಮಾಡುವ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಒಂದು ವಾಯರ್ ಮೌಸ್ ಹುಡುಕಿ

ಹಳೆಯ ವಾಯರ್ ಮೌಸ್ ಒಂದು ಎಲ್ಲರ ಮನೆಯ ಮೂಲೆಯಲ್ಲೂ ಬಿದ್ದಿರುತ್ತದೆ. ಅದನ್ನು ಅದೇ ಕಂಪ್ಯೂಟರಿಗೆ ಚುಚ್ಚಿ. ವಾಯರ್‌ಲೆಸ್ ಮೌಸನ್ನು ತೆಗೆಯುವುದು ಬೇಡ, ಎರಡೂ ಒಟ್ಟಿಗಿದ್ದರೂ ವಿಂಡೋಸ್ ಎರಡರ ಮಾತನ್ನೂ ಕೇಳುತ್ತದೆ. ಈಗ ಯಾವ ಕೆಲಸ ನಡೆಯುವಾಗ ತೊಂದರೆ ಬರುತ್ತದೋ ಅದೇ ಕೆಲಸವನ್ನು ಮತ್ತೆ ಶುರು ಮಾಡಿ: ದೊಡ್ಡ ಫೈಲ್ ಕಾಪಿಗೆ ಹಾಕಿ, ವಿಡಿಯೋ ರೆಂಡರ್‌ಗೆ ಇಡಿ, ಅಥವಾ ಇಂಟರ್‌ನೆಟ್‌ನಿಂದ ಏನಾದರೂ ಡೌನ್‌ಲೋಡ್ ಹಚ್ಚಿ. ಕೆಲಸ ನಡೆಯುತ್ತಿರುವಾಗಲೇ ಒಮ್ಮೆ ಇದನ್ನು, ಒಮ್ಮೆ ಅದನ್ನು ಅಲ್ಲಾಡಿಸಿ ನೋಡಿ. ಲ್ಯಾಪ್‌ಟಾಪ್ ಆದರೆ ವಾಯರ್ ಮೌಸೂ ಬೇಕಿಲ್ಲ, ಕೆಳಗಿನ ಟಚ್‌ಪ್ಯಾಡ್ ಸಾಕು.

ವಾಯರ್ ಮೌಸ್ ಬೆಣ್ಣೆಯಂತೆ ಓಡಿ, ವಾಯರ್‌ಲೆಸ್ ಮಾತ್ರ ತಡವರಿಸಿದರೆ ತೊಂದರೆ ಇರುವುದು ಗಾಳಿಯಲ್ಲಿ, ಅಂದರೆ ರೇಡಿಯೋ ಸಿಗ್ನಲ್‌ನಲ್ಲಿ. ಎರಡೂ ತಡವರಿಸಿದರೆ ಕಂಪ್ಯೂಟರೇ ಕೆಲಸದ ಭಾರಕ್ಕೆ ಕುಸಿದಿದೆ, ಮೌಸ್‌ಗೂ ಅದಕ್ಕೂ ಸಂಬಂಧವಿಲ್ಲ. ಈ ಎರಡರ ಮದ್ದು ಬೇರೆ ಬೇರೆ. ಇದನ್ನು ಬೇರ್ಪಡಿಸದೆ ಡ್ರೈವರ್ (ಕಂಪ್ಯೂಟರಿನ ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ಹಾಕುವುದು, ವಿಂಡೋಸ್ ಹೊಸದಾಗಿ ಹಾಕುವುದು, ಮೌಸ್ ಬದಲಿಸುವುದು – ಎಲ್ಲವೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು, ದುಡ್ಡು ಕೊಟ್ಟು, ಅದೇ ತೊಂದರೆ ಹೊತ್ತು ನನ್ನ ಹತ್ತಿರ ಬಂದವರಿದ್ದಾರೆ.

ರೇಡಿಯೋ ತೊಂದರೆಗೆ ಇನ್ನೊಂದು ಗುರುತು ಉಂಟು. ಮೌಸ್ ಜಿಗಿಯುತ್ತಿರುವಾಗಲೇ ಅದನ್ನು ಎತ್ತಿ, ಅದರ ಡಾಂಗಲ್ (ಮೌಸ್ ಜೊತೆ ಬರುವ, ಯುಎಸ್‌ಬಿ ತೂತಿಗೆ ಹಾಕುವ ಚಿಕ್ಕ ರಿಸೀವರ್) ಚುಚ್ಚಿದ ಜಾಗದ ಹತ್ತಿರಕ್ಕೆ, ಒಂದು ಗೇಣಿನ ಒಳಗೆ ತನ್ನಿ. ಅಲ್ಲೇ ಒಂದು ಪುಸ್ತಕದ ಮೇಲಿಟ್ಟು ಓಡಿಸಿ. ಹತ್ತಿರದಲ್ಲಿ ಸರಿಯಾಗಿ ಓಡಿ, ದೂರ ಹೋದಂತೆ ಹಾಳಾದರೆ ಅನುಮಾನವೇ ಬೇಡ.

ಸಣ್ಣಪುಟ್ಟದ್ದನ್ನು ಇಲ್ಲೇ ಮುಗಿಸೋಣ

ಸೆಲ್ ಬದಲಿಸಿ. ಸಾದಾ ಆಲ್ಕಲೈನ್ ಸೆಲ್ 1.5 ವೋಲ್ಟಿನದು, ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟಿನದು. ಎರಡೂ ನಡೆಯುತ್ತವೆ, ಆದರೆ ಇಳಿದುಹೋದ ಸೆಲ್ ಹಾಕಿದ ಮೌಸ್‌ನ ಸಿಗ್ನಲ್ ಕುಂದುತ್ತದೆ. ಗಾಜಿನ ಟೇಬಲ್ ಮೇಲೆ, ಹೊಳೆಯುವ ಸನ್ಮೈಕಾ ಮೇಲೆ ಸಾದಾ ಮೌಸ್‌ನ ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಳಗೊಂದು ಕಾಗದ ಹಾಸಿ ನೋಡಿ.

ಮಗ್ಗದ ಊರಿನವರು ಇನ್ನೊಂದು ನೋಡಬೇಕು. ಮೌಸನ್ನು ಬೋರಲು ಹಾಕಿ, ಕೆಳಗಿನ ತೂತಿಗೆ ಮೊಬೈಲ್ ಟಾರ್ಚ್ ಬಿಡಿ. ನಮ್ಮಲ್ಲಿ ಮನೆಯೊಳಗೇ ಮಗ್ಗ ಇರುವುದರಿಂದ ನೂಲಿನ ಧೂಳು ಎಲ್ಲ ಕಡೆ ಹಾರುತ್ತದೆ. ಒಂದೇ ಒಂದು ಎಳೆ, ಕಣ್ಣಿಗೆ ಕಂಡೂ ಕಾಣದಂಥದ್ದು, ಆ ತೂತಿನ ಅಂಚಿಗೆ ಸಿಕ್ಕಿಕೊಂಡು ಲೆನ್ಸ್ ಮುಂದೆ ಅಲ್ಲಾಡುತ್ತಿರುತ್ತದೆ. ಆಗ ಪರದೆಯ ಮೇಲಿನ ಬಾಣ ನಿಂತಲ್ಲೇ ನಡುಗುತ್ತದೆ, ಇಲ್ಲವೇ ಕೈ ಎಡಕ್ಕೆ ಹೋದರೆ ಅದು ಮೇಲಕ್ಕೆ ಹೋಗುತ್ತದೆ. ಸೂಜಿ ಹಾಕಬೇಡಿ, ಲೆನ್ಸಿಗೆ ಗೀರು ಬೀಳುತ್ತದೆ. ಜೋರಾಗಿ ಊದಿ, ಬರದಿದ್ದರೆ ಒಣ ಬ್ರಶ್‌ನಿಂದ ತೆಗೆಯಿರಿ. ಈ ತೊಂದರೆ ಕಾಪಿ ಇದ್ದರೂ ಇರುತ್ತದೆ, ಇಲ್ಲದಿದ್ದರೂ ಇರುತ್ತದೆ. ನಾವು ಹುಡುಕುತ್ತಿರುವುದು ಕಂಪ್ಯೂಟರ್ ಬೇರೇನೋ ಮಾಡುವಾಗ ಮಾತ್ರ ಬರುವ ತೊಂದರೆಯನ್ನು.

ದೊಡ್ಡ ಕಳ್ಳ: ನೀಲಿ ಯುಎಸ್‌ಬಿ ತೂತು

ತೇರದಾಳದ ಕಡೆಯ ಸ್ಟುಡಿಯೋ ಹುಡುಗನೊಬ್ಬ ಮದುವೆ ಸೀಸನ್ನಿನಲ್ಲಿ ಫೋನ್ ಮಾಡಿದ. "ಅಣ್ಣಾ, ಆಲ್ಬಮ್ ಪೇಜಿನ್ಯಾಗ ಮದುಮಗಳ ಫೋಟೋ ಎಳದ್ ಇಡಾಕ್ ಹೋದ್ರ, ಅದು ಹೋಗಿ ಬೀಗರ ತಲಿ ಮ್ಯಾಲ ಕುಂದರತೈತಿ. ಹೊಸಾ ಮೌಸ್ ತಂದೀನಿ, ಅದೂ ಹಂಗ ಮಾಡತೈತಿ." ಹೋಗಿ ನೋಡಿದೆ. ಟೇಬಲ್ ಕೆಳಗೆ ಸಿಪಿಯು ಡಬ್ಬಿ. ಅದರ ಮುಂದಿನ ಮುಖದಲ್ಲಿ ಎರಡು ನೀಲಿ ತೂತು, ಒಂದಕ್ಕೊಂದು ಬೆರಳಗಲ ದೂರ. ಒಂದರಲ್ಲಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ ಮೌಸ್‌ನ ಡಾಂಗಲ್. ಹಿಂದಿನ ದಿನದ ಮದುವೆಯ ವಿಡಿಯೋ ಡಿಸ್ಕಿಗೆ ಹೋಗುತ್ತಿತ್ತು. ಕಾಪಿ ನಿಲ್ಲಿಸಿದೆ, ಬಾಣ ನೆಟ್ಟಗಾಯಿತು. ಮತ್ತೆ ಶುರು ಮಾಡಿದೆ, ಕೆಲವೇ ಸೆಕೆಂಡಿನಲ್ಲಿ ಬಾಣ ಒಂದೆಡೆ ಅಂಟಿಕೊಂಡು, ಆಮೇಲೆ ಪರದೆಯ ಇನ್ನೊಂದು ಮೂಲೆಗೆ ಹಾರಿತು.

ಕಾರಣ ಹೀಗಿದೆ. ಡಾಂಗಲ್ ಇರುವ ವಾಯರ್‌ಲೆಸ್ ಮೌಸ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಜಾಗದಲ್ಲಿ. ಲೈಸೆನ್ಸ್ ಬೇಡದ ಜಾಗವಾದ್ದರಿಂದ ವೈಫೈ, ಬ್ಲೂಟೂತ್ ಎಲ್ಲವೂ ಅಲ್ಲೇ ಗುಂಪುಗೂಡಿವೆ. ಆ ನೀಲಿ ತೂತುಗಳು ಯುಎಸ್‌ಬಿ 3.0ದವು. 2008ರಲ್ಲಿ ಬಂದ ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಓಡುತ್ತದೆ. ಹಿಂದಿನ ಯುಎಸ್‌ಬಿ 2.0ರ ವೇಗ 480 ಮೆಗಾಬಿಟ್ ಮಾತ್ರ. 5 ಗಿಗಾಬಿಟ್‌ನಲ್ಲಿ ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಸಾಲಾಗಿ ಕಳಿಸಿದರೆ ವಾಯರ್‌ನಲ್ಲಿ ಏಳುವ ಅಲೆ 2.5 ಗಿಗಾಹರ್ಟ್ಸ್‌ನದು. ನಿಜವಾದ ಡೇಟಾ ಅಷ್ಟು ಕ್ರಮವಾಗಿ ಇರುವುದಿಲ್ಲ, ಕಲಸಿದ ಹಾಗಿರುತ್ತದೆ. ಅದರಿಂದ ಏಳುವ ಸದ್ದು (ಕಿವಿಗೆ ಕೇಳದ ರೇಡಿಯೋ ಗದ್ದಲ) ಅಗಲವಾಗಿ ಹರಡಿ ಮೌಸ್‌ನ ಪಟ್ಟಿಯ ಮೇಲೂ ಬಂದು ಕೂರುತ್ತದೆ. ಕನೆಕ್ಟರ್, ಕೇಬಲ್, ಡಿಸ್ಕಿನ ಡಬ್ಬಿ – ಎಲ್ಲೆಲ್ಲಿ ಮುಚ್ಚಿಗೆ ಸಡಿಲವೋ ಅಲ್ಲೆಲ್ಲ ಇದು ಸೋರುತ್ತದೆ.

ಇದನ್ನು ಇಂಟೆಲ್ ಕಂಪನಿಯೇ 2012ರ ಏಪ್ರಿಲ್‌ನಲ್ಲಿ ಒಂದು ತಾಂತ್ರಿಕ ವರದಿಯಲ್ಲಿ ಬರೆದಿತ್ತು. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಚುಚ್ಚಿದಾಗ 2.4 ಗಿಗಾಹರ್ಟ್ಸ್ ಪಟ್ಟಿಯ ಸದ್ದು ಹತ್ತಿರ ಹತ್ತಿರ 20 ಡೆಸಿಬೆಲ್ ಏರಿದ್ದನ್ನು ಅವರು ಅಳೆದು ತೋರಿಸಿದ್ದರು. 20 ಡೆಸಿಬೆಲ್ ಎಂದರೆ ಶಕ್ತಿಯಲ್ಲಿ 100 ಪಟ್ಟು. ಮೌಸ್ ಬಳಸುವ ಪಟ್ಟಿಯೊಳಗೇ ಈ ಸದ್ದು ಬೀಳುವುದರಿಂದ ಫಿಲ್ಟರ್ ಹಾಕಿ ಸೋಸಿ ತೆಗೆಯಲೂ ಆಗದು. ಹಾಗಾಗಿ ಡ್ರೈವರ್ ಹೊಸದು ಹಾಕಿದರೆ, ಸೆಟ್ಟಿಂಗ್ ಬದಲಿಸಿದರೆ ಇದು ಹೋಗುವುದಿಲ್ಲ.

ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ಮಗ್ಗ ಪಟಪಟ ಓಡುತ್ತಿರುವ ಖೋಲಿಯಲ್ಲಿ ಮಾತಾಡಬೇಕಾದರೆ ಯಾರೂ ಮಗ್ಗ ನಿಲ್ಲಿಸುವುದಿಲ್ಲ, ಕಿವಿಯ ಹತ್ತಿರ ಬಾಯಿ ತರುತ್ತಾರೆ, ಇಲ್ಲವೇ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ. ಡಾಂಗಲ್‌ಗೂ ಮಾಡಬೇಕಾದದ್ದು ಅಷ್ಟೇ: ಮೌಸ್‌ನ ಹತ್ತಿರ ತನ್ನಿ, ಹಾರ್ಡ್ ಡಿಸ್ಕಿನಿಂದ ದೂರ ಒಯ್ಯಿರಿ.

ಆ ಹುಡುಗನ ಕಂಪ್ಯೂಟರಿನಲ್ಲಿ ಮೊದಲು ಡಾಂಗಲ್ ಕಿತ್ತು ಡಬ್ಬಿಯ ಹಿಂಬದಿಯ ಕಪ್ಪು, ಅಂದರೆ ಯುಎಸ್‌ಬಿ 2.0, ತೂತಿಗೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಅಲ್ಲ. ಡಿಸ್ಕಿನಿಂದ ದೂರವಾಯಿತು ನಿಜ, ಆದರೆ ಈಗ ಡಾಂಗಲ್‌ಗೂ ಮೌಸ್‌ಗೂ ನಡುವೆ ಇಡೀ ಸಿಪಿಯು ಡಬ್ಬಿಯ ತಗಡು ಅಡ್ಡ ಬಂತು. ತಗಡಿನ ಆಚೆಯಿಂದ ರೇಡಿಯೋ ಸರಿಯಾಗಿ ದಾಟುವುದಿಲ್ಲ. ಟೇಬಲ್ಲೂ ಕಬ್ಬಿಣದ್ದೇ ಆಗಿದ್ದರೆ ಕೇಳುವುದೇ ಬೇಡ. ಚೀಲದಲ್ಲಿದ್ದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ತೆಗೆದು, ಒಂದು ತುದಿಯನ್ನು ಹಿಂದಿನ ಕಪ್ಪು ತೂತಿಗೆ ಹಾಕಿ, ಇನ್ನೊಂದು ತುದಿಯನ್ನು ಟೇಬಲ್ ಮೇಲೆ ತಂದು, ಅದರ ಬಾಯಿಗೆ ಡಾಂಗಲ್ ಸಿಕ್ಕಿಸಿದೆ. ಮಾನಿಟರ್‌ನ ಬುಡಕ್ಕೆ ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿದೆ. ಕಾಪಿ ನಡೆಯುತ್ತಿದ್ದಂತೆಯೇ ಮದುಮಗಳು ಇಟ್ಟಲ್ಲೇ ಕೂತಳು.

ಕೇಬಲ್ ಕೊಳ್ಳುವಾಗ ಅಂಗಡಿಯವರು "3.0 ತಗೋರಿ, ಅದ ಚಲೋ" ಎಂದು ನೀಲಿ ಬಾಯಿಯ ದಪ್ಪ ಕೇಬಲ್ ಕೊಡಲು ನೋಡುತ್ತಾರೆ. ಬೇಡ. ಡಾಂಗಲ್‌ಗೆ ಆ ವೇಗ ಬೇಕಿಲ್ಲ, ಅದು ಬಳಸುವುದು ಹಳೆಯ ಯುಎಸ್‌ಬಿಯ ವಾಯರ್‌ಗಳನ್ನೇ. ಸಾದಾ 2.0 ಕೇಬಲ್, ಒಂದು ಕಡೆ ಗಂಡು, ಇನ್ನೊಂದು ಕಡೆ ಹೆಣ್ಣು, ಒಂದು ಮೀಟರ್ ಅಥವಾ ಒಂದೂವರೆ ಮೀಟರ್ ಸಾಕು. ಐದು ಮೀಟರ್ ದಾಟಿದರೆ ಯುಎಸ್‌ಬಿ 2.0ರ ಮಿತಿಯೇ ಮುಗಿಯಿತು.

ಯಾವ ತೂತು ಯಾವುದು ಎಂದು ಹೇಗೆ ತಿಳಿಯುವುದು? ಯುಎಸ್‌ಬಿ 3.0 ತೂತಿನೊಳಗಿನ ನಾಲಿಗೆ ಸಾಮಾನ್ಯವಾಗಿ ನೀಲಿ, 2.0ದು ಕಪ್ಪು ಅಥವಾ ಬಿಳಿ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲವೂ ಕಪ್ಪೇ, ಬಣ್ಣ ನಂಬಬೇಡಿ. ಪಕ್ಕದಲ್ಲಿ ಯುಎಸ್‌ಬಿ ಗುರುತಿನ ಜೊತೆ ಇಂಗ್ಲಿಷಿನ ಎರಡು "ಎಸ್" ಅಕ್ಷರ ಇದ್ದರೆ ಅದು ವೇಗದ್ದು. ಪೆಟ್ಟಿಗೆಯ ಮೇಲೆ 3.1 ಜೆನ್ 1, 3.2 ಜೆನ್ 1 ಎಂದು ಬರೆದದ್ದೂ ಅದೇ 5 ಗಿಗಾಬಿಟ್‌ನದೇ, ಹೆಸರು ಬದಲಾಗಿದೆ ಅಷ್ಟೇ. ಇದೊಂದು ಹೆಸರಿನ ಗೊಂದಲ ಮಾಡಿದವರಿಗೆ ಏನೆನ್ನಬೇಕೋ.

ಲ್ಯಾಪ್‌ಟಾಪ್‌ನಲ್ಲಿ ಜಾಗ ಕಡಿಮೆ. ಡಾಂಗಲ್ ಒಂದು ಬದಿಗೆ, ಹಾರ್ಡ್ ಡಿಸ್ಕ್ ಇನ್ನೊಂದು ಬದಿಗೆ ಹಾಕಿ. ಬಲಗೈಯವರಾದರೆ ಡಾಂಗಲ್ ಬಲಕ್ಕೆ. ಡಿಸ್ಕನ್ನು ಅದರ ಕೇಬಲ್ ಎಟುಕುವಷ್ಟು ದೂರ ಸರಿಸಿ, ಮೌಸ್ ಪ್ಯಾಡಿನ ಪಕ್ಕ ಇಡಬೇಡಿ. ಡಿಸ್ಕಿನ ಜೊತೆ ಬಂದ ಕೇಬಲ್ ಕಳೆದುಹೋಗಿ, ಸಿಕ್ಕಿದ ತೆಳ್ಳನೆಯ ಕೇಬಲ್ ಹಾಕಿದ್ದರೆ ಅದನ್ನೂ ಬದಲಿಸಿ. ಒಳಗಿನ ತಗಡಿನ ಹೊದಿಕೆ ಕಳಪೆ ಇದ್ದಷ್ಟೂ ಸೋರುವುದು ಹೆಚ್ಚು.

ನಾಲ್ಕೈದು ತೂತಿನ ಹಬ್ ಇಟ್ಟುಕೊಂಡವರು ಹೆಚ್ಚು ಎಚ್ಚರಿಕೆಯಿಂದಿರಬೇಕು. ಸಣ್ಣ ಲ್ಯಾಪ್‌ಟಾಪ್‌ಗೆ ಒಂದೇ ಟೈಪ್-ಸಿ ತೂತು, ಅದಕ್ಕೊಂದು ಹಬ್, ಆ ಹಬ್‌ನಲ್ಲೇ ಹಾರ್ಡ್ ಡಿಸ್ಕ್, ಕಾರ್ಡ್ ರೀಡರ್, ಮೌಸ್ ಡಾಂಗಲ್ ಎಲ್ಲ ಮೈಗೆ ಮೈ ತಾಗಿಸಿಕೊಂಡು ಕೂತಿರುತ್ತವೆ. ಡಾಂಗಲ್‌ಗೆ ಇದಕ್ಕಿಂತ ಕೆಟ್ಟ ನೆರೆಮನೆ ಇಲ್ಲ. ಅಲ್ಲೂ ಅದೇ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ಹೊರಗೆಳೆಯಿರಿ. ಡಿಸ್ಕ್ ಸುಮ್ಮನೆ ಚುಚ್ಚಿಟ್ಟಿದ್ದು ಏನೂ ಕಾಪಿ ಆಗದಿದ್ದರೂ ಕೆಲವೊಮ್ಮೆ ಸದ್ದು ಇರುತ್ತದೆ. ಕೆಲಸ ಮುಗಿದ ಮೇಲೆ ಇಜೆಕ್ಟ್ ಕೊಟ್ಟು ತೆಗೆದಿಡುವುದು ಡಿಸ್ಕಿಗೂ ಒಳ್ಳೆಯದು.

ಕೇಬಲ್ ಕೈಯಲ್ಲಿಲ್ಲ, ಕೆಲಸ ಈಗಲೇ ಆಗಬೇಕು ಅಂದರೆ ಹಾರ್ಡ್ ಡಿಸ್ಕನ್ನೇ 2.0 ತೂತಿಗೆ ಹಾಕಿ. ಆಗ ಅದು ಹಳೆಯ ವೇಗಕ್ಕೆ ಇಳಿದು ಈ ಸದ್ದು ನಿಲ್ಲುತ್ತದೆ. ಬೆಲೆ ಮಾತ್ರ ತೆರಬೇಕು: ಸೆಕೆಂಡಿಗೆ 30–40 ಎಂಬಿ ಹೋದರೆ ಹೆಚ್ಚು, 100 ಜಿಬಿ ಮದುವೆ ವಿಡಿಯೋಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಊಟಕ್ಕೆ ಹೋಗುವ ಮುಂಚೆ ಹಚ್ಚಿ ಹೋಗುವವರಿಗೆ ನಡೆದೀತು.

ವೈಫೈ ಓಡುವಾಗ ಬ್ಲೂಟೂತ್ ಮೌಸ್ ಎಳೆದರೆ

ಡಾಂಗಲ್ ಇಲ್ಲದ, ನೇರ ಬ್ಲೂಟೂತ್‌ಗೆ ಕೂಡುವ ಮೌಸ್‌ಗಳ ಕಥೆ ಸ್ವಲ್ಪ ಬೇರೆ. ಲ್ಯಾಪ್‌ಟಾಪ್‌ನೊಳಗೆ ವೈಫೈ ಮತ್ತು ಬ್ಲೂಟೂತ್ ಸಾಮಾನ್ಯವಾಗಿ ಒಂದೇ ಕಾರ್ಡಿನಲ್ಲಿರುತ್ತವೆ, ಎಷ್ಟೋ ಸಲ ಆಂಟೆನಾ ಕೂಡ ಹಂಚಿಕೊಳ್ಳುತ್ತವೆ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿ ದೊಡ್ಡ ಫೈಲ್ ಇಳಿಸಿಕೊಳ್ಳುತ್ತಿದ್ದರೆ ಮೌಸ್‌ಗೆ ಸರದಿ ಸಿಗುವುದು ತಡವಾಗುತ್ತದೆ. ಬಾಣ ಜಿಗಿಯುವುದಕ್ಕಿಂತ ರಬ್ಬರ್ ಎಳೆದಂತೆ ಹಿಂದೆ ಹಿಂದೆ ಬರುತ್ತದೆ. ಪರೀಕ್ಷೆ ಸುಲಭ: ಡೌನ್‌ಲೋಡ್ ನಡೆಯುವಾಗ ವೈಫೈ ಆಫ್ ಮಾಡಿ. ಮೌಸ್ ಕೂಡಲೇ ಚುರುಕಾದರೆ ಕಾರಣ ಸಿಕ್ಕಿತು.

ಮದ್ದು, ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಕಳಿಸುವುದು. ರೂಟರ್ ಎರಡು ಹೆಸರು ತೋರಿಸುತ್ತಿದ್ದರೆ 5 ಎಂದಿರುವುದಕ್ಕೆ ಕೂಡಿ. ಒಂದೇ ಹೆಸರು ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಬಿಚ್ಚಿ, ವೈಫೈ ಕಾರ್ಡಿನ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್ಡ್ ಎಂಬಲ್ಲಿ ಪ್ರಿಫರ್ಡ್ ಬ್ಯಾಂಡ್ ಹುಡುಕಿ. ಇದು ಎಲ್ಲ ಕಾರ್ಡಿನಲ್ಲೂ ಇರುವುದಿಲ್ಲ, ಇದ್ದರೆ 5 ಗಿಗಾಹರ್ಟ್ಸ್ ಆರಿಸಿ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ನೆಟ್ ತೆಗೆದುಕೊಳ್ಳುವವರು ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲೇ ಬ್ಯಾಂಡ್ ಬದಲಿಸಬಹುದು. ಅದಾಗದಿದ್ದರೆ ಮೊಬೈಲನ್ನು ಮೌಸ್ ಪಕ್ಕದಿಂದ ಎತ್ತಿ ಕಿಟಕಿಗಾದರೂ ಇಡಿ.

5 ಗಿಗಾಹರ್ಟ್ಸ್‌ಗೆ ಒಂದು ಕೊರತೆ ಇದೆ. ಗೋಡೆ ದಾಟುವುದು ಅದಕ್ಕೆ ಕಷ್ಟ. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆ ಮೊಳದಷ್ಟು ದಪ್ಪ, ಪಡಸಾಲೆಯ ರೂಟರ್ ಒಳಖೋಲಿಗೆ ಸಿಗ್ನಲ್ ಕೊಡುವುದೇ ಇಲ್ಲ. ಅಂಥವರು 2.4ರಲ್ಲೇ ಇದ್ದು ಎರಡು ಬದಲಾವಣೆ ಮಾಡಿ. ರೂಟರ್‌ನಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇದ್ದರೆ 20ಕ್ಕೆ ಇಳಿಸಿ. 40 ಎಂದರೆ ಪಟ್ಟಿಯ ಅರ್ಧವನ್ನು ವೈಫೈ ಒಂದೇ ನುಂಗಿದ ಲೆಕ್ಕ. ಚಾನೆಲ್ ಆಟೋ ಬಿಡದೆ 1 ಅಥವಾ 11 ಎಂದು ಗಟ್ಟಿ ಮಾಡಿ. 1ರ ನಡು 2412 ಮೆಗಾಹರ್ಟ್ಸ್, 11ರದು 2462. ವೈಫೈ ಒಂದು ತುದಿಗೆ ಸರಿದು ಕೂತರೆ ಉಳಿದ ಕಡೆ ಬ್ಲೂಟೂತ್‌ಗೆ ಓಡಾಡಲು ಜಾಗ ಸಿಗುತ್ತದೆ, ಕಿಕ್ಕಿರಿದ ಜಾಗ ಬಿಟ್ಟು ಖಾಲಿ ಜಾಗಕ್ಕೆ ಹಾರುವುದು ಅದಕ್ಕೆ ಗೊತ್ತು. ಇವೆಲ್ಲಕ್ಕಿಂತ ನಾನು ಮೆಚ್ಚುವುದು ಸಾದಾ ಲ್ಯಾನ್ ಕೇಬಲ್. ಒಂದೇ ಜಾಗದಲ್ಲಿ ಕೂರುವ ಕಂಪ್ಯೂಟರಿಗೆ ವೈಫೈ ಯಾಕೆ ಬೇಕು ಅನ್ನುವುದು ನನಗಂತೂ ಇನ್ನೂ ತಿಳಿದಿಲ್ಲ.

ನಿಂತು ನಿಂತು ಎಚ್ಚರಾಗುವ ಮೌಸ್

ಕೆಲವರು ಹೇಳುವ ತೊಂದರೆಯೇ ಬೇರೆ: ಓಡುವಾಗ ಚೆನ್ನಾಗಿಯೇ ಓಡುತ್ತದೆ, ಸ್ವಲ್ಪ ಹೊತ್ತು ಕೈಬಿಟ್ಟು ಮತ್ತೆ ಮುಟ್ಟಿದರೆ ಮೊದಲ ಒಂದೆರಡು ಸೆಕೆಂಡು ಏಳುವುದಿಲ್ಲ. ಇದು ಸದ್ದಿನ ತೊಂದರೆಯಲ್ಲ, ಕರೆಂಟ್ ಉಳಿಸಲು ವಿಂಡೋಸ್ ಆ ಯುಎಸ್‌ಬಿ ತೂತನ್ನೇ ಮಲಗಿಸುತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಕೆಳಗೆ ಯುಎಸ್‌ಬಿ ರೂಟ್ ಹಬ್ ಇರುತ್ತದೆ. ಅದರ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ, ಕರೆಂಟ್ ಉಳಿಸಲು ಈ ಡಿವೈಸ್ ಆಫ್ ಮಾಡಬಹುದು ಎನ್ನುವ ಸಾಲಿನ ಟಿಕ್ ತೆಗೆಯಿರಿ. ಒಂದಕ್ಕಿಂತ ಹೆಚ್ಚು ರೂಟ್ ಹಬ್ ಇದ್ದರೆ ಎಲ್ಲದಕ್ಕೂ ಮಾಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಡಿಸೇಬಲ್ ಮಾಡಿ. ಮೌಸ್ ತಾನೇ ಸೆಲ್ ಉಳಿಸಲು ಮಲಗುವುದೂ ಉಂಟು, ಅದಕ್ಕೆ ಒಮ್ಮೆ ಕ್ಲಿಕ್ ಮಾಡಿ ಎಬ್ಬಿಸುವುದನ್ನು ಬಿಟ್ಟರೆ ಮದ್ದಿಲ್ಲ.

ವಾಯರ್ ಮೌಸೂ ನಿಂತರೆ

ಇಲ್ಲಿ ರೇಡಿಯೋ ಮಾತೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ತೊಂದರೆ ಬರುವ ಕೆಲಸ ಶುರು ಮಾಡಿ. ಸಿಪಿಯು, ಮೆಮೊರಿ, ಡಿಸ್ಕ್ – ಯಾವುದು 100ಕ್ಕೆ ಏರಿ ನಿಲ್ಲುತ್ತದೆ ನೋಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಇದ್ದರೆ 100ಕ್ಕೆ ಏರುವುದು ಸಾಮಾನ್ಯವಾಗಿ ಡಿಸ್ಕೇ. ಅದಕ್ಕೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸುವುದೇ ದಾರಿ. ಮೆಮೊರಿ ತುಂಬಿದ್ದರೆ ಬ್ರೌಸರ್‌ನ ಟ್ಯಾಬ್ ಮುಚ್ಚಿ, ಆಮೇಲೆ ರ‍್ಯಾಮ್ ಏರಿಸುವ ಮಾತು. ವಿಡಿಯೋ ರೆಂಡರ್ ಸಿಪಿಯು ತಿನ್ನುತ್ತಿದ್ದರೆ ಡಿಟೇಲ್ಸ್ ಪಟ್ಟಿಯಲ್ಲಿ ಆ ಪ್ರೋಗ್ರಾಂ ಮೇಲೆ ಬಲ ಕ್ಲಿಕ್ ಮಾಡಿ, ಸೆಟ್ ಪ್ರಯಾರಿಟಿಯಲ್ಲಿ ಬಿಲೋ ನಾರ್ಮಲ್ ಕೊಡಿ. ಸುಮ್ಮನೆ ರೆಂಡರ್ ಮಾತ್ರ ನಡೆಯುತ್ತಿದ್ದರೆ ಅದರ ಸಮಯ ಹೆಚ್ಚೇನೂ ಏರುವುದಿಲ್ಲ, ನಿಮ್ಮ ಕೈಗೆ ಮಾತ್ರ ಕಂಪ್ಯೂಟರ್ ಸಿಗುತ್ತದೆ.

ಬೇಸಿಗೆಯಲ್ಲಿ, ಹೊರಗೆ 40 ಡಿಗ್ರಿ ಇರುವ ಮಧ್ಯಾಹ್ನ, ಈ ದೂರು ನನ್ನ ಅಂಗಡಿಯಲ್ಲಿ ಹೆಚ್ಚು. ಸಿಪಿಯು ಡಬ್ಬಿ ಬಿಚ್ಚಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ನೂಲಿನ ಧೂಳು ಕಂಬಳಿಯಾಗಿ ಕೂತಿರುತ್ತದೆ, ಕಿತ್ತರೆ ಹಾಳೆಯಂತೆ ಒಂದೇ ತುಂಡು ಏಳುತ್ತದೆ. ಕಾವು ಹೊರಹೋಗದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಮಗ್ಗ ಇರುವ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು.

ಟಾಸ್ಕ್ ಮ್ಯಾನೇಜರ್‌ನಲ್ಲಿ ಎಲ್ಲ ತಣ್ಣಗೇ ಇದ್ದೂ ವಾಯರ್ ಮೌಸ್ ತಡೆದು ತಡೆದು ಓಡಿದರೆ ಯಾವುದೋ ಡ್ರೈವರ್ ಸಿಪಿಯುವನ್ನು ಹಿಡಿದಿಟ್ಟುಕೊಂಡಿರಬಹುದು. ಲೇಟೆನ್ಸಿಮಾನ್ ಎಂಬ ಪ್ರೋಗ್ರಾಂ ಓಡಿಸಿದರೆ ಯಾವ ಡ್ರೈವರ್ ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುತ್ತದೆ. ಆ ಡ್ರೈವರನ್ನು ಅದರ ಕಂಪನಿಯ ಸೈಟಿನಿಂದಲೇ ಹೊಸದು ಹಾಕಿ.

"ಮಗ್ಗದ ಮೋಟಾರ್ ಇಂದ ಆಗತೈತೇನ್ರಿ?"

ಇದನ್ನು ಕೇಳದ ಗಿರಾಕಿಯೇ ಇಲ್ಲ. ನಮ್ಮ ಮಗ್ಗಗಳಿಗೆ ಸಾಮಾನ್ಯವಾಗಿ ಹಾಕುವುದು ಇಂಡಕ್ಷನ್ ಮೋಟಾರ್. ಅದರಲ್ಲಿ ಬ್ರಶ್ ಇಲ್ಲ, ಬ್ರಶ್ ಇಲ್ಲದಿದ್ದರೆ ಒಳಗೆ ಕಿಡಿ ಹಾರುವುದಿಲ್ಲ. ಅದು 2.4 ಗಿಗಾಹರ್ಟ್ಸ್‌ವರೆಗೆ ಬಂದು ಮೌಸ್ ಕೆಡಿಸುವುದನ್ನು ನಾನು ಕಂಡಿಲ್ಲ. ನಂಬಿಕೆ ಬರದಿದ್ದರೆ ಕರೆಂಟ್ ಹೋದಾಗ ನೋಡಿ: ಮಗ್ಗ ನಿಂತಿರುತ್ತದೆ, ಕಂಪ್ಯೂಟರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ. ಆಗಲೂ ಕಾಪಿ ಹಚ್ಚಿದ ಕೂಡಲೇ ಮೌಸ್ ಜಿಗಿದರೆ ಮಗ್ಗದ ಮೇಲಿನ ಅಪವಾದ ಹೋಯಿತು. ಮೋಟಾರ್ ಶುರುವಾಗುವಾಗ ವೋಲ್ಟೇಜ್ ಕುಸಿಯುವುದು ಬೇರೆ ತೊಂದರೆ, ಅದಕ್ಕೆ ಮಾನಿಟರ್ ಮಿಣುಕುತ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಪಕ್ಕದ ಟೇಬಲ್ಲಿನಲ್ಲಿ ಅದೇ ಕಂಪನಿಯ ಇನ್ನೊಂದು ಮೌಸ್ ಇದೆ, ಅದು ಇದರ ಬಾಣ ಎಳೆಯುತ್ತಿದೆ ಎನ್ನುವ ಅನುಮಾನವೂ ಬೇಡ. ಪ್ರತಿ ಮೌಸ್ ತನ್ನ ಡಾಂಗಲ್ ಜೊತೆ ಮಾತ್ರ ಜೋಡಿಯಾಗಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಸರಿಹೋಗದಿದ್ದರೆ ಮೌಸ್ ಮತ್ತು ಡಾಂಗಲ್ ಎರಡನ್ನೂ ಬೇರೆ ಕಂಪ್ಯೂಟರಿಗೆ ಹಾಕಿ, ಪಕ್ಕದಲ್ಲಿ ಏನೂ ಚುಚ್ಚದೆ ನೋಡಿ. ಅಲ್ಲೂ ಜಿಗಿದರೆ ಮೌಸ್ ನಿಜವಾಗಿ ಕೆಟ್ಟಿದೆ, ಹೊಸದು ತೆಗೆದುಕೊಳ್ಳಿ. ಒಂದು ಕ್ಲಿಕ್ ಎರಡಾಗಿ ಬೀಳುವುದಾದರೆ ಒಳಗಿನ ಸ್ವಿಚ್ ಸವೆದಿದೆ. ಕೈಕೆಲಸ ಗೊತ್ತಿದ್ದವರು ಸ್ವಿಚ್ ಮಾತ್ರ ಬದಲಿಸಿ ಕೊಡುತ್ತಾರೆ.

ಒಂದೇ ಡಾಂಗಲ್‌ಗೆ ಮೌಸ್, ಕೀಬೋರ್ಡ್ ಎರಡೂ ಕೂಡುವ ಜೋಡಿ ಸೆಟ್ ಇಟ್ಟುಕೊಂಡ ವ್ಯಾಪಾರಿಗಳಿಗೆ ಇನ್ನೊಂದು ಮಾತು. ಮೌಸ್ ಜಿಗಿದರೆ ಕಣ್ಣಿಗೆ ಕಾಣುತ್ತದೆ. ಅದೇ ಸದ್ದಿಗೆ ಸಿಕ್ಕಿ ಕೀಬೋರ್ಡಿನ ಒಂದು ಒತ್ತು ಕಳೆದುಹೋದರೆ ಕಾಣುವುದಿಲ್ಲ. ರಬಕವಿಯ ಸೀರೆ ವ್ಯಾಪಾರಿ ಕಾಕಾ ಒಬ್ಬರು, ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹಚ್ಚಿ ಅದೇ ಹೊತ್ತಿಗೆ ಬಿಲ್ ಹಾಕುತ್ತಿದ್ದರು. 12,500 ಎಂದು ಒತ್ತಿದ್ದು 1,250 ಎಂದು ಬಿದ್ದಿತ್ತು. "ತಮ್ಮಾ, ನನ್ನ ಬಟ್ಟಿಗಿ ವಯಸ್ಸಾತೇನೋ" ಅಂದರು. ಅವರ ಬೆರಳಿಗೆ ಏನೂ ಆಗಿರಲಿಲ್ಲ, ಡಾಂಗಲ್ ಡಿಸ್ಕಿನ ಪಕ್ಕ ಕೂತಿತ್ತು. ಬ್ಯಾಕಪ್ಪನ್ನು ಅಂಗಡಿ ಮುಚ್ಚುವ ಹೊತ್ತಿಗೆ ಇಡಿ ಎಂದೆ, ಕೀಬೋರ್ಡ್ ಬದಲಿಸಿ ವಾಯರ್‌ದು ಕೊಟ್ಟೆ. ಬಿಲ್ ಹಾಕುವ ಕಂಪ್ಯೂಟರಿಗೆ ಈಗ ಯಾರಾದರೂ ವಾಯರ್‌ಲೆಸ್ ಕೀಬೋರ್ಡ್ ಕೇಳಿದರೆ ನಾನು ಮಾರುವುದೇ ಇಲ್ಲ.